ದಿನಾ ಓಡಿದರೆ, ನಿದ್ದೆಗೆಟ್ಟರೂ ನೆನಪು ಉಳಿಯುತ್ತದೆಯೇ?

ಪ್ರಶ್ನೆ: ನನಗೆ 31 ವರ್ಷ. ಚಿತ್ರದುರ್ಗ ಜಿಲ್ಲೆಯ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದೇನೆ. ವಾರ ಬಿಟ್ಟು ವಾರ ನೈಟ್ ಶಿಫ್ಟ್, ರಾತ್ರಿ 10ರಿಂದ ಬೆಳಗ್ಗೆ 6. ಜೊತೆಗೆ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ನೈಟ್ ವಾರದಲ್ಲಿ ಐದು ಗಂಟೆ ನಿದ್ದೆ ಸಿಗುತ್ತಿತ್ತು. ರಾತ್ರಿ ಓದಿದ್ದು ಮರುದಿನ ತಲೆಯಲ್ಲಿ ಇರುತ್ತಿರಲಿಲ್ಲ. ಏರೋಬಿಕ್ ವ್ಯಾಯಾಮ ಮಾಡಿದರೆ ನಿದ್ದೆಗೆಟ್ಟರೂ ನೆನಪಿಗೆ ಏನೂ ಆಗುವುದಿಲ್ಲ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಮೂರು ತಿಂಗಳಿಂದ ಡ್ಯೂಟಿ ಮುಗಿಸಿ ನೇರ ಮೈದಾನಕ್ಕೆ ಹೋಗಿ 5 ಕಿ.ಮೀ. ಓಡುತ್ತಿದ್ದೇನೆ. ಆ ಸಮಯ ನಿದ್ದೆಯಿಂದಲೇ ಹೋಗುತ್ತಿದೆ, ಈಗ ನಾಲ್ಕು ಗಂಟೆ ಮಲಗಿದರೆ ಹೆಚ್ಚು. ಹೋದ ತಿಂಗಳು ಬೆಳಗಿನ ಜಾವ ಲೈನ್‌ಮನ್‌ಗಳಿಗೆ ಒಂದು ಫೀಡರ್‌ನ ಎಲ್‌ಸಿ ಕೊಟ್ಟಿದ್ದೆ, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಅನುಮತಿ. ಮುಕ್ಕಾಲು ಗಂಟೆ ಬಿಟ್ಟು ಅದನ್ನು ಮರೆತು ಚಾರ್ಜ್ ಮಾಡಲು, ಅಂದರೆ ಮತ್ತೆ ಕರೆಂಟ್ ಬಿಡಲು, ಕೈ ಚಾಚಿದ್ದೆ. ಜೊತೆಗಿದ್ದವರು ಕೂಗಿಕೊಂಡಿದ್ದರಿಂದ ಬಚಾವಾದೆ. ನಮ್ಮ ಅಜ್ಜಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ನನಗೂ ಅದೇ ಶುರುವಾಯಿತೇ? ಓಟ ಇನ್ನೂ ಜಾಸ್ತಿ ಮಾಡಲೇ? ಬೆಳಗ್ಗೆಯೋ ಸಂಜೆಯೋ? ನೆನಪಿಗೆ ಏನಾದರೂ ಮಾತ್ರೆ ಇದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಲ್‌ಸಿ ವಿಷಯ ಬಂದ ಕಡೆ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಲೈನ್ ಮೇಲೆ ಜನ ಇದ್ದರು. ನೀವು ಅದನ್ನು ಮುಚ್ಚಿಡದೆ ಬರೆದಿರಿ, ಒಳ್ಳೆಯದಾಯಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಅಜ್ಜಿಯ ವಿಷಯ. ಇದ್ದಬದ್ದ ನಿದ್ದೆಯನ್ನೂ ಕೆಡಿಸುತ್ತಿರುವುದು ಅದೇ ಹೆದರಿಕೆ ಎಂದು ನನಗೆ ಅನಿಸುತ್ತದೆ. 31ರಲ್ಲಿ ಅಲ್ಝೈಮರ್ ಬರುವುದು ಬಹಳ ಬಹಳ ಅಪರೂಪ. ಆ ವಯಸ್ಸಿಗೆ ಬರುವ ಜಾತಿಯದು ಕೆಲವೇ ಕುಟುಂಬಗಳಲ್ಲಿ ಕಾಣುತ್ತದೆ. ಅಂಥ ಮನೆಗಳಲ್ಲಿ ಅಪ್ಪನಿಗೋ ಅಮ್ಮನಿಗೋ ನಲವತ್ತು, ಐವತ್ತರ ಒಳಗೇ ಶುರುವಾಗಿರುತ್ತದೆ. ಅಜ್ಜಿಗೆ ಇಳಿವಯಸ್ಸಿನಲ್ಲಿ ಬಂದದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದು ಮಾತು. ನಿಜವಾದ ಮರೆವಿನ ಕಾಯಿಲೆಯವರು ನನ್ನ ಹತ್ತಿರ ತಾವಾಗಿ ಬರುವುದು ಕಡಿಮೆ. ಮಗಳೋ ಸೊಸೆಯೋ ಕರೆದುಕೊಂಡು ಬರುತ್ತಾರೆ. ಅವರು ಮಾತ್ರ, 'ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ' ಅನ್ನುತ್ತಾರೆ. ಏನೇನು ಮರೆತೆ ಎಂದು ತಾರೀಖಿನ ಸಮೇತ ಪಟ್ಟಿ ಬರೆದು ಕಳಿಸುವವರಲ್ಲಿ ಹೆಚ್ಚಿನವರು ನಿದ್ದೆಯಿಲ್ಲದವರು, ಚಿಂತೆಯಲ್ಲಿರುವವರು, ಇಲ್ಲವೇ ಎರಡೂ ಆಗಿರುವವರು.

ಹಾಗಾದರೆ ಓದಿದ್ದು ಎಲ್ಲಿ ಹೋಗುತ್ತಿದೆ?

ನಿಮ್ಮ ಕೆಲಸದ ಭಾಷೆಯಲ್ಲೇ ಹೇಳುತ್ತೇನೆ. ಗಂಟೆಗೊಮ್ಮೆ ರೀಡಿಂಗ್ ತೆಗೆದು ಲಾಗ್‌ಶೀಟ್‌ನಲ್ಲಿ ಬರೆಯುತ್ತೀರಿ. ಆ ಹಾಳೆ ಕೈಗೆ ಸಿಗುವ ಹಾಗಿರುತ್ತದೆ, ಬೇಗ ತುಂಬುತ್ತದೆ. ಅದರಲ್ಲಿ ಬೇಕಾದದ್ದು ಆಮೇಲೆ ದೊಡ್ಡ ರಿಜಿಸ್ಟರ್‌ಗೆ ಹೋಗಬೇಕು. ಮೆದುಳಿನಲ್ಲಿ ಆ ಲಾಗ್‌ಶೀಟಿನ ಕೆಲಸ ಮಾಡುವುದು ಹಿಪೊಕ್ಯಾಂಪಸ್ ಎಂಬ ಭಾಗ. ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಆಕಾರ ಕಡಲಕುದುರೆಯ ಹಾಗೆ, ಹೆಸರು ಬಂದದ್ದೂ ಅದರಿಂದಲೇ. ಹಗಲು ಕಂಡದ್ದು, ಓದಿದ್ದು ಮೊದಲು ಅಲ್ಲಿ ಬೀಳುತ್ತದೆ. ಗಾಢ ನಿದ್ದೆಯಲ್ಲಿ ಮೆದುಳು ಅದನ್ನು ಮತ್ತೆ ಮತ್ತೆ ತಿರುವಿಹಾಕಿ ಹೊರಪದರಕ್ಕೆ ದಾಟಿಸುತ್ತದೆ. ಮಲಗದಿದ್ದರೆ ಈ ನಕಲು ಇಳಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ ಅರ್ಧ ಬೇರೆಯೇ ಇದೆ. ನಿದ್ದೆಗೆಟ್ಟಾಗ ದಾಟಿಸುವುದಷ್ಟೇ ನಿಲ್ಲುವುದಿಲ್ಲ, ಬರೆದುಕೊಳ್ಳುವುದೂ ನಿಲ್ಲುತ್ತದೆ. 2007ರಲ್ಲಿ ಅಮೆರಿಕದ ಸಂಶೋಧಕರು ಕೆಲವು ಯುವಕ ಯುವತಿಯರನ್ನು ಒಂದು ರಾತ್ರಿ ಪೂರ್ತಿ ಎಚ್ಚರ ಇರಿಸಿ, ಮರುದಿನ ಸಾಲು ಸಾಲು ಚಿತ್ರ ತೋರಿಸಿದರು. ಆಮೇಲೆ ಎರಡು ರಾತ್ರಿ ಚೆನ್ನಾಗಿ ಮಲಗಲು ಬಿಟ್ಟು ಪರೀಕ್ಷೆ ಇಟ್ಟರು. ಅಂದರೆ ಪರೀಕ್ಷೆಯ ದಿನ ಯಾರಿಗೂ ತೂಕಡಿಕೆ ಇರಲಿಲ್ಲ. ಆದರೂ ನಿದ್ದೆಗೆಟ್ಟು ಚಿತ್ರ ನೋಡಿದವರ ನೆನಪು, ಮಲಗಿ ಎದ್ದು ನೋಡಿದವರಿಗಿಂತ ಶೇ 19ರಷ್ಟು ಕಡಿಮೆ ಇತ್ತು. ಚಿತ್ರ ನೋಡುವಾಗಲೇ ಅವರ ಹಿಪೊಕ್ಯಾಂಪಸ್ ಮಂಕಾಗಿ ಕೆಲಸ ಮಾಡುತ್ತಿದ್ದುದು ಸ್ಕ್ಯಾನ್‌ನಲ್ಲಿ ಕಂಡಿತ್ತು. ಬರೆಯದೇ ಬಿಟ್ಟ ರೀಡಿಂಗನ್ನು ಆಮೇಲೆ ಎಲ್ಲಿಂದ ತರುವುದು? ಭಾನುವಾರ ಹನ್ನೆರಡು ಗಂಟೆ ಮಲಗಿದರೆ ಸುಸ್ತು ಹೋದೀತು. ಗುರುವಾರ ರಾತ್ರಿ ಮೂರಕ್ಕೆ ಓದಿದ ಸಂವಿಧಾನದ ಕಲಮು ವಾಪಸು ಬರುವುದಿಲ್ಲ.

ನಾನೇನು ಇದನ್ನು ಪುಸ್ತಕದಿಂದ ಕಲಿತವನಲ್ಲ. ಪಿಜಿ ಓದುವಾಗ ಒಮ್ಮೆ ಎರಡು ದಿನದ ಡ್ಯೂಟಿ ಒಟ್ಟಿಗೆ ಬಿದ್ದಿತ್ತು. ಬೆಳಗ್ಗೆ ರೌಂಡ್ಸ್‌ನಲ್ಲಿ ಒಬ್ಬ ಅಜ್ಜನ ಹಾಸಿಗೆ ಹತ್ತಿರ ನಿಂತು, 'ಇವರು ಯಾವಾಗ ಬಂದರು?' ಎಂದು ಸಿಸ್ಟರನ್ನು ಕೇಳಿದೆ. ಅಜ್ಜನೇ ನಕ್ಕು, 'ರಾತ್ರಿ ಎಲ್ಡು ಗಂಟೆಗೆ ನೀವೇ ಸೂಜಿ ಚುಚ್ಚಿದ್ರಲ್ಲಪ್ಪ' ಅಂದರು. ಕೇಸ್‌ಶೀಟ್ ನೋಡಿದರೆ ನನ್ನದೇ ಕೈಬರಹ. ಇವತ್ತಿಗೂ ಆ ಅಡ್ಮಿಷನ್ ನನಗೆ ನೆನಪಿಲ್ಲ. ಮರೆತದ್ದಲ್ಲ ಅದು. ಒಳಗೆ ಹೋಗಿಯೇ ಇರಲಿಲ್ಲ.

ನಿಮ್ಮ ಎಲ್‌ಸಿ ಕಥೆಯೂ ಇದೇ ಕುಲದ್ದು. ಬೆಳಗಿನ ಜಾವ ಮೂರರಿಂದ ಐದರ ನಡುವೆ ದೇಹದ ಗಡಿಯಾರ ತೀರಾ ತಗ್ಗಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ನಿದ್ದೆ ಬಾಕಿ ಇರುವವರ ಮೆದುಳು ಕಣ್ಣು ತೆರೆದಿದ್ದರೂ ಎರಡು ಮೂರು ಸೆಕೆಂಡು ನಿದ್ದೆಗೆ ಜಾರಿ ವಾಪಸು ಬರುತ್ತದೆ. ಕೆಟ್ಟ ಸಂಗತಿ ಎಂದರೆ ಅದು ನಮಗೆ ಗೊತ್ತಾಗುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟರು. ನಾಲ್ಕು ಗಂಟೆ ಅಲ್ಲ, ಆರು. ಎರಡು ವಾರ ಕಳೆಯುವ ಹೊತ್ತಿಗೆ ಅವರ ಗಮನ, ಪೂರ್ತಿ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. 'ಹೇಗಿದ್ದೀರಿ?' ಎಂದರೆ ಮಾತ್ರ 'ಸ್ವಲ್ಪ ಸುಸ್ತು, ಅಷ್ಟೇ' ಅನ್ನುತ್ತಿದ್ದರು. 'ನನಗೆ ನಾಲ್ಕು ಗಂಟೆ ಸಾಕು, ರೂಢಿಯಾಗಿದೆ ಸಾರ್' ಎಂದು ಯಾರಾದರೂ ಹೇಳಿದಾಗ ನನಗೆ ಆ ಪ್ರಯೋಗ ನೆನಪಾಗುತ್ತದೆ. ರೂಢಿಯಾಗುವುದು ಸುಸ್ತು. ಗಮನ ಕುಸಿಯುತ್ತಲೇ ಹೋಗುತ್ತದೆ.

ಈಗ ನೀವು ನೋಡಿದ ವಿಡಿಯೊ. ಅದು ಪೂರ್ತಿ ಸುಳ್ಳು ಹೇಳಿಲ್ಲ. ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ನೀವೂ ನಂಬುತ್ತಿರಲಿಲ್ಲ.

ಮಾತಿನ ಮೂಲ ಬಹುಶಃ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದಿಂದ 2012ರ ಸುಮಾರಿಗೆ ಬಂದ ಇಲಿಗಳ ಪ್ರಯೋಗಗಳು. ಇಲಿಗಳಿಗೆ ನಾಲ್ಕು ವಾರ ಟ್ರೆಡ್‌ಮಿಲ್ ಮೇಲೆ ಓಟ ಕಲಿಸಿದರು. ಆಮೇಲೆ ನೀರಿನ ನಡುವೆ ಸಣ್ಣ ಕಂಬಗಳ ಮೇಲೆ ಕೂರಿಸಿದರು. ಕನಸಿನ ನಿದ್ದೆ ಹತ್ತಿದರೆ ಮೈ ಸಡಿಲವಾಗುತ್ತದಲ್ಲ, ಆಗ ಮೂತಿ ನೀರಿಗೆ ತಾಗಿ ಪಟ್ಟನೆ ಎಚ್ಚರವಾಗುತ್ತದೆ. ಹೀಗೆ 24 ಗಂಟೆ. ಮುಗಿದ ಮೇಲೆ ನೀರಿನ ತೊಟ್ಟಿಯ ಕವಲು ದಾರಿಗಳಲ್ಲಿ ಮುಳುಗಿಸಿಟ್ಟ ಕಟ್ಟೆ ಎಲ್ಲಿದೆ ಎಂದು ಹುಡುಕುವ ಪರೀಕ್ಷೆ. ಓಡದೆ ನಿದ್ದೆಗೆಟ್ಟ ಇಲಿಗಳು ದಾರಿ ಮರೆತು ತಪ್ಪು ಕವಲಿಗೆ ಮತ್ತೆ ಮತ್ತೆ ನುಗ್ಗಿದವು. ಮೊದಲು ನಾಲ್ಕು ವಾರ ಓಡಿದ್ದ ಇಲಿಗಳು ಮಾತ್ರ ನಿದ್ದೆಗೆಟ್ಟರೂ ಹೆಚ್ಚುಕಡಿಮೆ ಚೆನ್ನಾಗಿ ಮಲಗಿದ ಇಲಿಗಳಂತೆಯೇ ದಾರಿ ಹಿಡಿದವು. ಅವುಗಳ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುವ ಶಕ್ತಿಯೂ ಉಳಿದಿತ್ತು.

ಫಲಿತಾಂಶ ಚೆನ್ನಾಗಿದೆ, ನನಗೂ ಓದಿ ಖುಷಿಯಾಗಿತ್ತು. ಆದರೆ ಸರಿಯಾಗಿ ನೋಡಿ. ಓಟ ಮೊದಲು, ನಿದ್ದೆಗೇಡು ಆಮೇಲೆ. ಓಡಿದ ನಾಲ್ಕು ವಾರವೂ ಇಲಿಗಳು ಬೇಕಾದಷ್ಟು ಮಲಗಿದ್ದವು. ಕೆಟ್ಟದ್ದು ಒಂದೇ ಒಂದು ದಿನದ ನಿದ್ದೆ. ನೀವು ಮಾಡುತ್ತಿರುವುದು ಇದರ ತಲೆಕೆಳಗು. ನಿದ್ದೆ ಬಾಕಿ ತಿಂಗಳುಗಟ್ಟಲೆ ನಡೆಯುತ್ತಿದೆ, ಅದರ ಮೇಲೆ ಓಟ, ಆ ಓಟಕ್ಕೂ ನಿದ್ದೆಯಿಂದಲೇ ಕಡಿತ. ಆ ಪ್ರಯೋಗ ಇದಕ್ಕೆ ಆಧಾರವಾಗುವುದಿಲ್ಲ.

ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನಿಮ್ಮ ಸೀಮೆಯವರಿಗೆ ಹಗೇವು ಗೊತ್ತೇ ಇರುತ್ತದೆ. ನೆಲದೊಳಗೆ ಗುಂಡಿ ತೋಡಿ, ರಾಗಿ ಜೋಳ ತುಂಬಿ, ಬಾಯಿ ಮುಚ್ಚಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದನ್ನು ತೆಗೆಯುತ್ತಿದ್ದರು. ಏರೋಬಿಕ್ ವ್ಯಾಯಾಮ ಮೆದುಳಿನಲ್ಲಿ ಮಾಡುವುದು ಹಗೇವು ತುಂಬುವ ಕೆಲಸ. ವಾರಗಟ್ಟಲೆ ಓಡಿದರೆ, ಬಿರುಸಾಗಿ ನಡೆದರೆ, ಸೈಕಲ್ ಹೊಡೆದರೆ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ನರಕೋಶಗಳಿಗೆ ಅದು ಗೊಬ್ಬರ ಇದ್ದ ಹಾಗೆ. ಹಿಪೊಕ್ಯಾಂಪಸ್‌ಗೆ ರಕ್ತದ ಹರಿವು ಹೆಚ್ಚುತ್ತದೆ. ಓಡುವ ಇಲಿಗಳಲ್ಲಿ ಅಲ್ಲಿ ಹೊಸ ನರಕೋಶಗಳೇ ಜಾಸ್ತಿ ಹುಟ್ಟುತ್ತವೆ ಎಂಬುದು 1999ರಲ್ಲೇ ಗೊತ್ತಾಗಿತ್ತು.

ನಿದ್ದೆಗೇಡು ಕೈಹಾಕುವುದೂ ಅದೇ ಗುಂಡಿಗೆ. ನರಕೋಶದ ಕವಲುಗಳ ಮೇಲೆ ಸಣ್ಣ ಸಣ್ಣ ಮೊಗ್ಗಿನಂಥವು ಇರುತ್ತವೆ, ಒಂದು ಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳುವ ಜಾಗಗಳು ಅವು. ಇಲಿಯನ್ನು ಐದು ಗಂಟೆ ಮಲಗಗೊಡದಿದ್ದರೆ ಸಾಕು, ಹಿಪೊಕ್ಯಾಂಪಸ್‌ನ ಒಂದು ಭಾಗದಲ್ಲಿ ಈ ಮೊಗ್ಗುಗಳು ಕಡಿಮೆಯಾಗುತ್ತವೆ. ಮೂರು ಗಂಟೆ ಮಲಗಿದರೆ ಮತ್ತೆ ಮೂಡುತ್ತವೆ. 2016ರಲ್ಲಿ ಪ್ರಕಟವಾದ ಈ ಸಂಗತಿಯನ್ನು ನಾನು ರೋಗಿಗಳಿಗೆ ಆಗಾಗ ಹೇಳುತ್ತಿರುತ್ತೇನೆ. ಹೆದರಿಸಲು ಅಲ್ಲ, ಮಲಗಿದರೆ ವಾಪಸು ಬರುತ್ತವೆ ಎಂಬುದಕ್ಕೆ.

ಅಂದರೆ ಬರಗಾಲಕ್ಕೆ ಹಗೇವು ಬೇಕು, ನಿಜ. ಹಗೇವಿದೆ ಎಂದು ಬಿತ್ತನೆಯನ್ನೇ ಬಿಟ್ಟರೆ ಎಷ್ಟು ವರ್ಷ ನಡೆದೀತು?

ಇಲಿ ಬಿಡಿ, ಮನುಷ್ಯರ ಕಥೆ ಏನು ಎಂದು ಕೇಳುತ್ತೀರಿ. ಎಲ್ಲರೂ ಎತ್ತಿಹೇಳುವ ಅಧ್ಯಯನ 2011ರದು. 55 ದಾಟಿದ 120 ಜನ. ಅರ್ಧ ಜನ ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದರು, ಉಳಿದವರು ಮೈ ಎಳೆಯುವ ವ್ಯಾಯಾಮ ಮಾಡಿದರು. ವರ್ಷ ಕಳೆದ ಮೇಲೆ ನಡೆದವರ ಹಿಪೊಕ್ಯಾಂಪಸ್ ಶೇ 2ರಷ್ಟು ದೊಡ್ಡದಾಗಿತ್ತು, ಉಳಿದವರದ್ದು ಶೇ 1.4ರಷ್ಟು ಕುಗ್ಗಿತ್ತು. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಮಾತು ಒಂದಿದೆ. ನೆನಪಿನ ಪರೀಕ್ಷೆಯಲ್ಲಿ ಎರಡು ಗುಂಪೂ ಸುಧಾರಿಸಿದವು, ನಡೆದವರು ಭಾರಿ ಮುಂದೇನೂ ಹೋಗಲಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಈಚೆಗೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ನಿದ್ದೆಗೆಟ್ಟವರಿಗೆ 20 ನಿಮಿಷ ಹದವಾಗಿ ಸೈಕಲ್ ತುಳಿಸಿದಾಗ ಆ ಹೊತ್ತಿಗೆ ಯೋಚನೆ ಚುರುಕಾಯಿತು. ಅದು ಆ ಹೊತ್ತಿನ ಚುರುಕು. ನೆನಪು ಉಳಿಯುವುದು ಬೇರೆ ಲೆಕ್ಕ. ಓಡಿ ಬಂದ ಮೇಲೆ 'ಫ್ರೆಶ್' ಅನಿಸುತ್ತದಲ್ಲ, ಅದು ಇದೇ. ಆ ಫ್ರೆಶ್ ಅನ್ನೇ ನಂಬಿಕೊಂಡು ಮಲಗುವುದನ್ನು ಮುಂದೂಡುತ್ತಿದ್ದೀರಿ ಎಂಬ ಅನುಮಾನ ನನಗೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಅಧ್ಯಯನ 2023ರಲ್ಲಿ ಲಂಡನ್ನಿನಿಂದ ಬಂತು. ಇಂಗ್ಲೆಂಡಿನ 50 ದಾಟಿದ ಸುಮಾರು 9,000 ಜನರನ್ನು ಹತ್ತು ವರ್ಷ ಗಮನಿಸಿದರು. ಹೆಚ್ಚು ಚಟುವಟಿಕೆ ಇದ್ದವರ ನೆನಪು, ಮಾತಿನ ಚುರುಕು ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಆದರೆ 50, 60ರ ವಯಸ್ಸಿನವರಲ್ಲಿ ಯಾರು ಆರು ಗಂಟೆಗಿಂತ ಕಡಿಮೆ ಮಲಗುತ್ತಿದ್ದರೋ ಅವರು ಬೇಗ ಇಳಿದರು. ಹತ್ತು ವರ್ಷದ ಕೊನೆಗೆ ವ್ಯಾಯಾಮ ಮಾಡದವರ ಸಾಲಿನಲ್ಲೇ ಬಂದು ನಿಂತರು. 70 ದಾಟಿದವರಲ್ಲಿ ಮಾತ್ರ ವ್ಯಾಯಾಮದ ಲಾಭ ಉಳಿದಿತ್ತು. ಇದು ಗಮನಿಸಿ ಬರೆದ ಲೆಕ್ಕ, ಕಾರಣ ಸಾಬೀತು ಮಾಡಿದ್ದಲ್ಲ. ಆ ಜನರೂ ನಿಮ್ಮ ವಯಸ್ಸಿನವರಲ್ಲ. ಆದರೂ 'ಓಡುತ್ತೇನಲ್ಲ, ನಿದ್ದೆ ಕಡಿಮೆಯಾದರೇನು' ಅನ್ನುವವರು ಇದನ್ನು ಪಕ್ಕಕ್ಕೆ ತಳ್ಳಬಾರದು.

ಇನ್ನು ನಿಮ್ಮ ದಿನಚರಿ. ಓಟ ಬಿಡಿ ಎಂದು ನಾನು ಹೇಳುವುದಿಲ್ಲ. ನೈಟ್ ಶಿಫ್ಟಿನವರಿಗೆ ಬಿಪಿ, ಸಕ್ಕರೆ, ಹೊಟ್ಟೆ ಬೊಜ್ಜು ಎಲ್ಲವೂ ಹೆಚ್ಚು ಕಾಡುತ್ತವೆ, ಓಟ ಅದಕ್ಕೆಲ್ಲ ಒಳ್ಳೆಯದು. ರೂಢಿಯ ವ್ಯಾಯಾಮ ಗಾಢ ನಿದ್ದೆಯನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಜಾಗ ಬದಲಿಸಿ, ಅಷ್ಟೇ. ಬೆಳಗ್ಗೆ 6ಕ್ಕೆ ಡ್ಯೂಟಿ ಮುಗಿಸಿ ಮೈದಾನಕ್ಕೆ ಹೋದರೆ ಮೂರು ಪೆಟ್ಟು. ಮುಖಕ್ಕೆ ಬೀಳುವ ಬಿಸಿಲು 'ಈಗ ಹಗಲು, ಏಳು' ಎಂದು ಮೆದುಳಿಗೆ ಹೇಳುತ್ತದೆ. ಓಟದಿಂದ ಮೈ ಬಿಸಿಯೇರುತ್ತದೆ, ನಿದ್ದೆ ಹತ್ತಲು ಮೈ ತಣಿಯಬೇಕು. ಮೂರನೆಯದಾಗಿ ನಿದ್ದೆಗೆಟ್ಟ ಕಾಲು ಎಡವುತ್ತದೆ. ಮಂಡಿ, ಹಿಮ್ಮಡಿ ಉಳುಕಿಸಿಕೊಂಡು ಬರುವ ನೈಟ್ ಶಿಫ್ಟಿನವರನ್ನು ನನ್ನ ಪಕ್ಕದ ಕೋಣೆಯ ಮೂಳೆ ಡಾಕ್ಟರು ಬೇಕಾದಷ್ಟು ನೋಡುತ್ತಾರೆ.

ನನ್ನ ಸಲಹೆ ಇಷ್ಟು. ಡ್ಯೂಟಿ ಮುಗಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬನ್ನಿ. ಎರಡು ಇಡ್ಲಿಯೋ ಒಂದು ಮುದ್ದೆಯೋ ಹಗುರಾಗಿ ತಿನ್ನಿ. ಎಂಟರೊಳಗೆ ಮಲಗಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಕಂಬಳಿಯಾದರೂ ಆದೀತು. ಫೋನ್ ಬೇರೆ ಕೋಣೆಯಲ್ಲಿರಲಿ. ಹಗಲು ಮಲಗುವವನನ್ನು ಸೋಮಾರಿ ಅನ್ನುವ ಮನೆಗಳಿವೆ, ನಿಮ್ಮದೂ ಹಾಗಿದ್ದರೆ ಈ ಪುಟವನ್ನು ಅವರಿಗೂ ಓದಿಸಿ. ಎರಡು ಗಂಟೆಯ ಹೊತ್ತಿಗೆ ಎದ್ದರೆ ಆರು ಗಂಟೆ ನಿದ್ದೆ ಆಯಿತು. ಊಟ ಮಾಡಿ ಮೂರರಿಂದ ಐದು ಓದಿ. ನೈಟ್ ವಾರದಲ್ಲಿ ಹೊಸ ಪಾಠ ಓದಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಐದೂವರೆ ಸುಮಾರಿಗೆ ಓಟ, ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗಾದರೆ ಆರಕ್ಕೆ. ಡ್ಯೂಟಿಗೆ ಹೊರಡುವ ಮೊದಲು, ಏಳೂವರೆಯಿಂದ ಒಂದು ಗಂಟೆ ಕಾಲು ಮಲಗಿ. ಎರಡೂ ಸೇರಿ ಏಳು ಗಂಟೆ ದಾಟುತ್ತದೆ. ಓಟಕ್ಕೂ ಆ ನಿದ್ದೆಗೂ ನಡುವೆ ಒಂದು ಗಂಟೆಯಾದರೂ ಇರಲಿ. ಓಡಿದ ಕೂಡಲೇ ಮಲಗಿದರೆ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ನಿದ್ದೆ ಹತ್ತದು.

ಒಂದು ದಿನ ಎಲ್ಲ ಏರುಪೇರಾಗಿ, ಓಟವೋ ನಿದ್ದೆಯೋ ಒಂದಕ್ಕೇ ಸಮಯ ಇದ್ದರೆ? ಮಲಗಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಪೂರ್ತಿ ರಾತ್ರಿ ಕಣ್ಣು ಮುಚ್ಚದ ದಿನ ಜೋರು ಓಟವಂತೂ ಬೇಡ. ಹೆಚ್ಚೆಂದರೆ ಇಪ್ಪತ್ತು ನಿಮಿಷ ನಡೆಯಿರಿ.

ಓಟ ಜಾಸ್ತಿ ಮಾಡಲೇ ಎಂದು ಕೇಳಿದ್ದೀರಿ. ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಅಥವಾ ಅದರ ಅರ್ಧದಷ್ಟು ಹೊತ್ತು ಜೋರಿನದು. ಐದು ದಿನ ಮೂವತ್ತೈದು ನಿಮಿಷ ಆದರೆ ಬೇಕಾದಷ್ಟಾಯಿತು. ಗಡಿಯಾರ, ಪಟ್ಟಿ, ಆ್ಯಪ್ ಏನೂ ಬೇಡ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಹದ. ಎರಡೇ ದಿನ ಜೋರಾಗಿ ಓಡಿ ವಾರವೆಲ್ಲ ಬಿಡುವುದಕ್ಕಿಂತ ದಿನಾ ಹದವಾಗಿ ಓಡುವುದು ವಾಸಿ. ಹಗೇವು ಒಂದೇ ದಿನ ತುಂಬುವುದಿಲ್ಲ ಅಲ್ವಾ? ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ, ಓಡುವಾಗ ಎದೆ ಬಿಗಿದರೆ, ತಲೆ ತಿರುಗಿದರೆ, ಓಟ ನಿಲ್ಲಿಸಿ ಒಮ್ಮೆ ಹೃದಯ ತೋರಿಸಿ. ಮೂವತ್ತರಲ್ಲಿ ಏನಾಗುತ್ತದೆ ಎಂದು ಉದಾಸೀನ ಬೇಡ.

ಓದಿಗೂ ಓಟಕ್ಕೂ ಒಂದು ಸ್ವಾರಸ್ಯದ ನಂಟು ಇದೆ, ಹೇಳದೆ ಹೋಗಲು ಮನಸ್ಸಾಗುತ್ತಿಲ್ಲ. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ 72 ಜನರಿಗೆ ಯಾವ ಚಿತ್ರ ಯಾವ ಜಾಗದಲ್ಲಿತ್ತು ಎಂದು ಕಲಿಸಿದರು. ಕೆಲವರು ಕಲಿತ ಕೂಡಲೇ 35 ನಿಮಿಷ ಸೈಕಲ್ ತುಳಿದರು, ಕೆಲವರು ನಾಲ್ಕು ಗಂಟೆ ಬಿಟ್ಟು, ಉಳಿದವರು ತುಳಿಯಲೇ ಇಲ್ಲ. ಎರಡು ದಿನದ ಮೇಲೆ ಹೆಚ್ಚು ನೆನಪಿದ್ದದ್ದು ನಾಲ್ಕು ಗಂಟೆ ಬಿಟ್ಟು ತುಳಿದವರಿಗೆ. ಕೂಡಲೇ ತುಳಿದವರಿಗೆ ಏನೂ ಲಾಭವಾಗಲಿಲ್ಲ. ಡೇ ಶಿಫ್ಟ್ ವಾರದಲ್ಲಿ, ರಜೆಯಲ್ಲಿ ಇದನ್ನು ಮಾಡಿ ನೋಡಬಹುದು, ಮಧ್ಯಾಹ್ನ ಒಂದರವರೆಗೆ ಓದಿ ಐದಕ್ಕೆ ಓಡಿ. ಒಂದೇ ಅಧ್ಯಯನ, ಅದಕ್ಕೆ ಜಾತಕ ಕಟ್ಟುವುದು ಬೇಡ. ಮತ್ತೆ, ಅವರು ನಿದ್ದೆಗೆಟ್ಟವರೂ ಅಲ್ಲ. ನೈಟ್ ಡ್ಯೂಟಿಯಲ್ಲಿ ಬಿಡುವಿದ್ದಾಗ ಹೊಸದೇನೂ ಓದಬೇಡಿ. ಗೊತ್ತಿರುವುದನ್ನೇ ಮೆಲುಕು ಹಾಕಿ. ಬೆಳಗಿನ ಜಾವದ ಓದು ತಲೆಗೆ ಹತ್ತುತ್ತದೆ ಎಂದು ಹಿರಿಯರು ಹೇಳಿದ್ದು ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುವವರಿಗೆ. ನಾಲ್ಕರವರೆಗೂ ಎಚ್ಚರ ಇರುವವರಿಗಲ್ಲ.

ಮಾತ್ರೆ ವಿಷಯ ಬೇಗ ಮುಗಿಸುತ್ತೇನೆ. ನಿದ್ದೆಗೇಡಿನ ಮರೆವಿಗೆ ಮಾತ್ರೆ ಇಲ್ಲ. ಅಂಗಡಿಯ ನೆನಪಿನ ಟಾನಿಕ್ಕು ನಿದ್ದೆಯ ಜಾಗ ತುಂಬುವುದಿಲ್ಲ, ದುಡ್ಡು ಉಳಿಸಿ. ಎಚ್ಚರ ಇರಿಸುವ ಮಾತ್ರೆಗಳನ್ನು ಸ್ನೇಹಿತರು ಕೊಟ್ಟರೆ ಮುಟ್ಟಬೇಡಿ. ಕಾಫಿ, ಚಹಾ ಡ್ಯೂಟಿಯ ಮೊದಲ ಅರ್ಧಕ್ಕೆ ಇರಲಿ, ರಾತ್ರಿ ಎರಡರ ನಂತರ ಬೇಡ. ಕುಡಿದ ಕೆಫೀನ್‌ನ ಅರ್ಧ ಇಳಿಯಲು ಐದು ಗಂಟೆ ಹತ್ತಿರ ಬೇಕು. ನಾಲ್ಕಕ್ಕೆ ಕುಡಿದ ಕಾಫಿ ಎಂಟಕ್ಕೂ ನಿಮ್ಮ ಜೊತೆ ಹಾಸಿಗೆಯಲ್ಲಿರುತ್ತದೆ.

ಬದಲಿಗೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ. ನೀವು ಸಸ್ಯಾಹಾರಿಗಳಾದರೆ ಬಿ12 ಖಂಡಿತ ನೋಡಲೇಬೇಕು, ಅದರ ಕೊರತೆಗೂ ಮರೆವು ಬರುತ್ತದೆ, ಸುಲಭವಾಗಿ ಸರಿಯೂ ಆಗುತ್ತದೆ. ಇನ್ನೊಂದು, ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತ ಹಾಗಾಗುತ್ತದೆಯೇ ಎಂದು ಮನೆಯವರನ್ನು ಕೇಳಿ. ಹೌದು ಎಂದರೆ ನಿದ್ದೆಯ ಪರೀಕ್ಷೆ ಬೇಕು. ಆಗ ಏಳು ಗಂಟೆ ಮಲಗಿದರೂ ನಾಲ್ಕು ಗಂಟೆ ಮಲಗಿದಂತೆ. ಮನಸ್ಸು ಸದಾ ಮುದುಡಿರುತ್ತದೆ, ಯಾವುದೂ ಬೇಡ ಅನಿಸುತ್ತದೆ ಎಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಪತ್ರದಲ್ಲಿ ಅದರ ಸುಳಿವಿಲ್ಲ, ಆದರೆ ಗಂಡಸರು ಆ ಸಾಲನ್ನು ಬರೆಯದೇ ಬಿಡುವುದು ಹೆಚ್ಚು.

ಈಗ ಎಲ್‌ಸಿ. ದಿನಚರಿ ಬದಲಿಸಿದರೂ ಬಾಕಿ ಬಿದ್ದ ನಿದ್ದೆ ತೀರಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ನಿಮ್ಮ ನೆನಪನ್ನು ನೀವೇ ನಂಬಬೇಡಿ. ಬೈಕನ್ನೂ ನಂಬಬೇಡಿ. 17 ಗಂಟೆ ಎಚ್ಚರ ಇದ್ದವರ ಕೈಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯ ಇರುವವರಷ್ಟು ಕೆಡುತ್ತದೆ ಎಂದು 1997ರಲ್ಲೇ ಅಳೆದಿದ್ದಾರೆ. 24 ಗಂಟೆಗೆ ಅದು 100 ಮಿ.ಗ್ರಾಂ. ಲೆಕ್ಕ. ನಮ್ಮ ಕಾನೂನು ವಾಹನ ಓಡಿಸುವವರಿಗೆ ಬಿಡುವುದು 30. ನೈಟ್ ವಾರದ ಮೊದಲ ದಿನ ಬೆಳಗ್ಗೆ ಆರಕ್ಕೆ ಎದ್ದವರು ಮರುದಿನ ಆರಕ್ಕೆ ಬೈಕ್ ಹತ್ತುತ್ತೀರಿ. ಆ ದಿನವಾದರೂ ಡ್ಯೂಟಿಗೆ ಮೊದಲು ಮಲಗಿ, ಇಲ್ಲವೇ ಯಾರದ್ದಾದರೂ ಹಿಂದೆ ಕೂತು ಬನ್ನಿ.

ಎಲ್‌ಸಿ ಪುಸ್ತಕದಲ್ಲಿ ಬರೆಯುವುದು ನಿಮಗೆ ರೂಢಿ ಇದ್ದೇ ಇದೆ. ಆದರೆ ಪುಸ್ತಕ ಮೇಜಿನ ಮೇಲಿರುತ್ತದೆ, ಕೈ ಹೋಗುವುದು ಸ್ವಿಚ್ಚಿಗೆ. 'ಲೈನ್ ಮೇಲೆ ಜನ ಇದ್ದಾರೆ' ಎಂಬ ಕೆಂಪು ಹಲಗೆಯನ್ನು ಸ್ವಿಚ್ಚಿನ ಹಿಡಿಗೇ ನೇತುಹಾಕಿ, ಬೀಗದ ವ್ಯವಸ್ಥೆ ಇದ್ದರೆ ಬೀಗ ಹಾಕಿ. ಚಾರ್ಜ್ ಮಾಡುವ ಮುನ್ನ ಜೊತೆಯವರಿಗೆ ಫೀಡರ್ ಹೆಸರನ್ನು ಗಟ್ಟಿಯಾಗಿ ಹೇಳಿ, ಅವರು ಅದನ್ನೇ ತಿರುಗಿ ಹೇಳಿದ ಮೇಲೆ ಕೈ ಹಾಕಿ. ಆಪರೇಷನ್ ಥಿಯೇಟರಿನಲ್ಲಿ ನಾವೂ ರೋಗಿಯ ಹೆಸರು, ಯಾವ ಕಡೆಯ ಕಾಲು ಎಂದು ಹೀಗೆಯೇ ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ, ನಾಚಿಕೆಪಡುವುದಿಲ್ಲ. ಆ ರಾತ್ರಿಯ ವಿಷಯವನ್ನು ಮೇಲಿನವರಿಗೂ ತಿಳಿಸಿ. ಒಬ್ಬರೇ ಇರುವ ನೈಟ್ ಬಂದರೆ ಎರಡನೆಯವರನ್ನು ಕೇಳಿ ಪಡೆಯಲು ಅದೇ ಆಧಾರವಾಗುತ್ತದೆ.

ನಾಲ್ಕು ವಾರ ಒಂದು ಹಾಳೆ ಇಡಿ. ಮಲಗಿದ ಗಂಟೆ, ಓಡಿದ ನಿಮಿಷ, ಹಿಂದಿನ ದಿನ ಓದಿದ ಹತ್ತು ಅಂಶಗಳಲ್ಲಿ ಎಷ್ಟು ನೆನಪಿವೆ, ಇಷ್ಟೇ. ರೀಡಿಂಗ್ ತೆಗೆಯುವುದು ನಿಮಗೆ ಹೇಳಿಕೊಡಬೇಕಿಲ್ಲ. ಆ ಹಾಳೆ, ರಕ್ತದ ರಿಪೋರ್ಟು ಎರಡನ್ನೂ ಹಿಡಿದು ಹತ್ತಿರದ ಫಿಸಿಷಿಯನ್ ಒಬ್ಬರನ್ನು ನೋಡಿ. ಏಳು ಗಂಟೆ ಮಲಗಿದ ಮೇಲೂ ಹತ್ತರಲ್ಲಿ ಮೂರೇ ಬರುತ್ತಿದ್ದರೆ ನನಗೆ ಮತ್ತೆ ಬರೆಯಿರಿ, ಆಗ ಬೇರೆ ಕಾರಣ ಹುಡುಕೋಣ. ಕೆಂಪು ಹಲಗೆ ಮಾತ್ರ ಇವತ್ತು ರಾತ್ರಿಯಿಂದಲೇ.